‘ಬೋರ್ಡ್ ಹೋಗಿದೆ’ ಎಂದರೆ ಏನು ಹೋಗಿದೆ? ಸಾದಾ ಯಂತ್ರ, ಸ್ಮಾರ್ಟ್ ಯಂತ್ರ ಮತ್ತು ಕೊಡಗಿನ ಮಳೆ

ಮಾರ್ಚ್ ಕೊನೆಯಲ್ಲಿ ಹೂಮಳೆ ಬಂತು. ಕಾಫಿ ಗಿಡ ಹೂ ಬಿಡಲು ಬೇಕೆಂದು ತೋಟದವರೆಲ್ಲ ಆಕಾಶ ನೋಡುತ್ತ ಕಾದಿದ್ದ ಮಳೆ. ಅದರ ಬೆನ್ನಿಗೇ ಬಂದ ಒಂದು ಗುಡುಗಿಗೆ ನಾಪೋಕ್ಲು ಕಡೆಯ ನಮ್ಮ ಮನೆಯ ವಾಷಿಂಗ್ ಮೆಷಿನ್ ನಿಂತುಹೋಯಿತು. ಒಳಗೆ ನೀರು, ನೀರಿನಲ್ಲಿ ಎರಡು ಹೊದಿಕೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಎರಡು ದಿನ ಬಿಟ್ಟು ಬಂದ ಮೆಕ್ಯಾನಿಕ್ ಹಿಂದಿನ ತಗಡು ಬಿಚ್ಚಿ, ಟಾರ್ಚ್ ಹಾಕಿ ನೋಡಿ ಹೇಳಿದರು: “ಅಕ್ಕಾ, ಮೋಟರ್ ಚೆನ್ನಾಗಿದೆ. ಬೋರ್ಡ್ ಹೋಗಿದೆ.”

ಈ ಮಾತನ್ನು ಕೇಳದ ಮನೆ ಈಗ ಜಿಲ್ಲೆಯಲ್ಲಿ ಕಡಿಮೆ. ಫ್ರಿಡ್ಜ್, ಟಿ.ವಿ., ವಾಷಿಂಗ್ ಮೆಷಿನ್ ಯಾವುದೇ ಇರಲಿ, ಕಾರಣ ಅದೇ. ಇತ್ತ ಕುಶಾಲನಗರ, ಗೋಣಿಕೊಪ್ಪದ ಅಂಗಡಿಗಳಲ್ಲಿ ಹೊಸ ಯಂತ್ರಗಳ ಮೇಲೆ ವೈ-ಫೈ ಗುರುತು ಬಂದಿದೆ. ಮೊಬೈಲಿನಿಂದಲೇ ಬಟ್ಟೆ ಒಗೆಯಬಹುದು, ಗೀಸರ್ ಹಾಕಬಹುದು ಎನ್ನುತ್ತಾರೆ. ಹಳೆಯದು ಕೆಟ್ಟವರ ಮುಂದೆ ಈಗ ಒಂದು ಪ್ರಶ್ನೆ ಇದೆ: ತಿರುಪಿಸುವ ಗುಂಡಿಯ ಸಾದಾ ಯಂತ್ರ ತರುವುದೋ, ಸ್ಮಾರ್ಟ್ ಯಂತ್ರ ತರುವುದೋ? ಇದಕ್ಕೆ ಉತ್ತರ ಹುಡುಕುವ ಮೊದಲು ಯಂತ್ರದ ಒಳಗೆ ಯಾರು ಯಾರಿಗೆ ಅಪ್ಪಣೆ ಕೊಡುತ್ತಾರೆ ಎಂದು ತಿಳಿಯಬೇಕು.

ಕಾರ್ಮಿಕ, ರೈಟರ್, ಬೆಂಗಳೂರಿನ ಮಾಲೀಕ

ಒಂದು ಕಾಫಿ ತೋಟವನ್ನು ನೆನೆಯಿರಿ. ಕಪಾತು ಮಾಡುವವರು, ಅಂದರೆ ಗಿಡದ ರೆಂಬೆ ಸವರುವವರು, ಹಣ್ಣು ಕೊಯ್ಯುವವರು ಇದ್ದಾರೆ. ಅವರಿಗೆ ಕೆಲಸ ಕೈಯಲ್ಲೇ ಇದೆ. ಯಾವ ದಿನ ಯಾವ ಪಟ್ಟಿಯಲ್ಲಿ ಕೆಲಸ, ಎಷ್ಟು ಜನ, ಎಷ್ಟು ಹೊತ್ತು ಎಂದು ತೀರ್ಮಾನಿಸುವವರು ರೈಟರ್. ಮಾಲೀಕರು ಬೆಂಗಳೂರಿನಲ್ಲಿದ್ದು ಫೋನಿನಲ್ಲಿ ಮಾತನಾಡುತ್ತಾರೆ.

ಮನೆಯ ಯಂತ್ರದಲ್ಲೂ ಹೀಗೆ ಮೂರು ಪದರಗಳಿವೆ. ಮೋಟರ್, ಸ್ಪ್ರಿಂಗ್, ಕವಾಟ, ಬಿಸಿಯಾಗುವ ಸುರುಳಿ ಇವೆಲ್ಲ ಕಾರ್ಮಿಕರು. ಇದು ಯಾಂತ್ರಿಕ ಪದರ. ಎರಡನೆಯದು ಬೋರ್ಡ್. ಹಸಿರು ಅಥವಾ ಕಂದು ಬಣ್ಣದ ತೆಳು ಹಲಗೆ, ಅದರ ಮೇಲೆ ತಾಮ್ರದ ಗೆರೆಗಳು, ಬೆಸುಗೆ ಹಾಕಿದ ಪುಟ್ಟ ಪುಟ್ಟ ಬಿಡಿಭಾಗಗಳು, ನಡುವೆ ಒಂದು ಚಿಪ್. ಯಾವಾಗ ನೀರು ಬಿಡಬೇಕು, ಯಾವಾಗ ಮೋಟರ್ ನಿಲ್ಲಿಸಬೇಕು ಎಂದು ಹೇಳುವ ರೈಟರ್ ಅದು. ಮೂರನೆಯದು ಜಾಲ: ವೈ-ಫೈ, ಮೊಬೈಲ್ ಆ್ಯಪ್, ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರ್. ಈ ಮೂರನೆಯ ಪದರ ಇದ್ದಾಗ ಮಾತ್ರ ಯಂತ್ರವನ್ನು ಸ್ಮಾರ್ಟ್ ಎನ್ನುವುದು ಸರಿ. ಬೋರ್ಡ್ ಇರುವ ಯಂತ್ರವೆಲ್ಲ ಸ್ಮಾರ್ಟ್ ಅಲ್ಲ. ಅಂಗಡಿಯಲ್ಲಿ ಈ ಎರಡನ್ನೂ ಕಲಸಿ ಮಾತನಾಡುವುದರಿಂದ ಗೊಂದಲ ಹುಟ್ಟುತ್ತದೆ.

ಫೋನ್ ಕೆಟ್ಟರೆ ರೈಟರ್ ತೋಟ ನಡೆಸುತ್ತಾರೆ. ರೈಟರ್ ಬಾರದ ದಿನ ಕೆಲಸ ಬಲ್ಲವರು ತಾವೇ ಸ್ವಲ್ಪ ಮುಂದುವರಿಸುತ್ತಾರೆ. ಆದರೆ ರೈಟರ್ ಹೇಳದೆ ಒಂದು ಕತ್ತಿಯೂ ಎತ್ತಬಾರದು ಎಂಬ ನಿಯಮವಿದ್ದರೆ? ನಮ್ಮ ವಾಷಿಂಗ್ ಮೆಷಿನ್ನಿಗೆ ಆದದ್ದು ಅದೇ. ಮೋಟರ್ ಚೆನ್ನಾಗಿತ್ತು, ಅಪ್ಪಣೆ ಕೊಡುವವರು ಇರಲಿಲ್ಲ.

ಬೋರ್ಡ್ ಇಲ್ಲದ ಕಾಲದಲ್ಲಿ ಲೆಕ್ಕ ಹಾಕುತ್ತಿದ್ದದ್ದು ಯಾರು?

ಬೋರ್ಡ್ ಇಲ್ಲದ ಯಂತ್ರಕ್ಕೆ ಬುದ್ಧಿ ಇಲ್ಲ ಎಂದುಕೊಳ್ಳುವುದು ತಪ್ಪು. ಅಲ್ಲಿ ಬುದ್ಧಿ ಲೋಹದಲ್ಲೇ ಇರುತ್ತದೆ. ನನಗೆ ಇದು ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದ ಭಾಗ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಸ್ತ್ರಿ ಪೆಟ್ಟಿಗೆ ತೆಗೆದುಕೊಳ್ಳಿ. ಕಾದ ಮೇಲೆ ತಾನೇ ಆಫ್ ಆಗುತ್ತದೆ, ತಣ್ಣಗಾದರೆ ತಾನೇ ಆನ್ ಆಗುತ್ತದೆ. ಒಳಗಿರುವುದು ಎರಡು ಬೇರೆ ಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಒಂದು ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಅಂಟಿಕೊಂಡಿರುವುದರಿಂದ ಎರಡಕ್ಕೂ ಬಾಗದೆ ಬೇರೆ ದಾರಿಯಿಲ್ಲ. ಬಾಗಿದಾಗ ಕರೆಂಟಿನ ಸಂಪರ್ಕ ತಪ್ಪುತ್ತದೆ. ತಣಿದು ನೇರವಾದಾಗ ಮತ್ತೆ ಕೂಡುತ್ತದೆ. ಹತ್ತಿ, ರೇಷ್ಮೆ ಎಂದು ಬರೆದ ಗುಂಡಿಯನ್ನು ನಾವು ತಿರುಗಿಸಿದಾಗ ಆ ಪಟ್ಟಿ ಎಷ್ಟು ಬಾಗಬೇಕು ಎಂಬುದಷ್ಟೇ ಬದಲಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್, ಸೆಕೆಗೂ ಚಳಿಗೂ ತಪ್ಪದ ಗಡಿಯಾರ ಮಾಡಲು ಬಳಸಿದ್ದ ಉಪಾಯ ಇದು.

ಅನ್ನ ಮಾಡುವ ಸಾದಾ ರೈಸ್ ಕುಕ್ಕರ್ ಇನ್ನೂ ಸೊಗಸು. ಪಾತ್ರೆಯ ತಳಕ್ಕೆ ತಾಗುವಂತೆ ಒಂದು ಸಣ್ಣ ಲೋಹದ ಗುಬಟು ಇರುತ್ತದೆ, ನೋಡಿದ್ದೀರಿ. ಅದರೊಳಗೆ ಒಂದು ಆಯಸ್ಕಾಂತ, ಅದು ಹಿಡಿದುಕೊಳ್ಳುವ ಇನ್ನೊಂದು ವಿಶೇಷ ತುಣುಕು, ಅವೆರಡನ್ನು ಬೇರ್ಪಡಿಸಲು ಎಳೆಯುತ್ತಿರುವ ಒಂದು ಸ್ಪ್ರಿಂಗ್. ಪಾತ್ರೆಯಲ್ಲಿ ನೀರು ಇರುವ ತನಕ ತಳದ ಬಿಸಿ ಕುದಿಯುವ ಮಟ್ಟವನ್ನು ದಾಟುವುದಿಲ್ಲ, ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಅಕ್ಕಿ ನೀರನ್ನು ಪೂರಾ ಕುಡಿದ ಕ್ಷಣ ಬಿಸಿ ಮೇಲೇರುತ್ತದೆ. ಸುಮಾರು 103 ಡಿಗ್ರಿ ತಲುಪಿದಾಗ ಆ ವಿಶೇಷ ತುಣುಕು ಆಯಸ್ಕಾಂತಕ್ಕೆ ಅಂಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇಂಥ ಮಿತಿಗೆ ಫ್ರಾನ್ಸಿನ ವಿಜ್ಞಾನಿ ಪಿಯರ್ ಕ್ಯೂರಿಯ ಹೆಸರಿದೆ, ಕ್ಯೂರಿ ಉಷ್ಣತೆ ಎಂದು. ಹಿಡಿತ ತಪ್ಪಿತು, ಸ್ಪ್ರಿಂಗ್ ಎಳೆಯಿತು, ‘ಟಕ್’ ಎಂದಿತು. ಅನ್ನ ಆಗಿದೆ. ಎಷ್ಟು ಅಕ್ಕಿ, ಎಷ್ಟು ನಿಮಿಷ ಎಂದು ಯಾರೂ ಅದಕ್ಕೆ ಹೇಳಬೇಕಾಗಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 100ರ ಬದಲು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೂ ಈ ಕುಕ್ಕರ್ ಎಡವುವುದಿಲ್ಲ, ಏಕೆಂದರೆ ಅದು ಕಾಯುವುದು ನೀರು ಕುದಿಯುವುದನ್ನಲ್ಲ, ನೀರು ಮುಗಿಯುವುದನ್ನು.

ಒಲೆಯ ಮೇಲಿಡುವ ಪ್ರೆಶರ್ ಕುಕ್ಕರಿಗೂ ಇದೇ ಎತ್ತರದ ಕಥೆ. ತೆರೆದ ಪಾತ್ರೆಯಲ್ಲಿ ಮಡಿಕೇರಿಯ ಬೇಳೆ ಬೇಯಲು ಬಯಲುಸೀಮೆಗಿಂತ ಹೆಚ್ಚು ಹೊತ್ತು ಬೇಕು. ಕುಕ್ಕರಿನ ತೂಕ ಆವಿಯನ್ನು ತಡೆದು ಒತ್ತಡ ಏರಿಸುತ್ತದೆ, ಒತ್ತಡ ಏರಿದಂತೆ ನೀರು 120 ಡಿಗ್ರಿಯ ಸಮೀಪ ಹೋದ ಮೇಲೆ ಕುದಿಯುತ್ತದೆ. ಒತ್ತಡ ಮಿತಿಗೆ ಬಂದಾಗ ಆವಿಯೇ ತೂಕವನ್ನು ಎತ್ತುತ್ತದೆ; ಅದೇ ಸೀಟಿ. ತೂಕ ಕಟ್ಟಿಕೊಂಡು ಆವಿಗೆ ದಾರಿ ಸಿಗದೆ ಹೋದರೆ, ಅಥವಾ ಒಳಗೆ ನೀರು ಬತ್ತಿದರೆ, ಸುರಕ್ಷಾ ಕವಾಟದ ಮೆದು ಲೋಹ ಕರಗಿ ದಾರಿ ಬಿಡುತ್ತದೆ. ಕಾಯುವುದು, ಅಳೆಯುವುದು, ಕಾಪಾಡುವುದು ಎಲ್ಲವನ್ನೂ ಒಂದು ತೂಕ ಮತ್ತು ಒಂದು ಲೋಹದ ಬಿಲ್ಲೆ ಮಾಡುತ್ತವೆ, ಕರೆಂಟೇ ಬೇಡ.

ಹಳೆಯ ಫ್ರಿಡ್ಜಿನ ಥರ್ಮೋಸ್ಟಾಟಿನಲ್ಲಿ ಅನಿಲ ತುಂಬಿದ ಕೂದಲೆಳೆಯಂಥ ತಾಮ್ರದ ಕೊಳವೆ ಇರುತ್ತದೆ. ತಣಿದಾಗ ಅನಿಲ ಕುಗ್ಗಿ ಸ್ವಿಚ್ ಬಿಡುತ್ತದೆ. ಎರಡು ತೊಟ್ಟಿಯ ವಾಷಿಂಗ್ ಮೆಷಿನ್ನಿನ ಟೈಮರ್ ಕೀಲಿ ಕೊಟ್ಟ ಗಡಿಯಾರದಂತೆ ಸ್ಪ್ರಿಂಗಿನಿಂದ ಓಡುತ್ತದೆ. ಹಾಗಾಗಿಯೇ ಕರೆಂಟು ಹೋದರೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಕರೆಂಟು ಬಂದ ಮೇಲೆ ಮತ್ತೆ ತಿರುಗಿಸಬೇಕು, ಅಷ್ಟೇ.

ಇನ್ನೊಂದನ್ನು ಹೇಳಿಬಿಡುತ್ತೇನೆ. ಮಿಕ್ಸಿ ರುಬ್ಬುತ್ತಿದ್ದಾಗ ಒಮ್ಮೆಲೇ ನಿಂತರೆ ರಿಪೇರಿಗೆ ಒಯ್ಯುವ ಮೊದಲು ತಲೆಕೆಳಗು ಮಾಡಿ ನೋಡಿ. ಹಲವು ಮಿಕ್ಸಿಗಳ ತಳದಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ, ಬಹುಪಾಲು ಕೆಂಪು. ಭಾರ ಹೆಚ್ಚಾದಾಗ ಮೋಟರ್ ಸುಡದಿರಲಿ ಎಂದು ಅದು ಹೊರಗೆ ಜಿಗಿದು ಕರೆಂಟು ತಪ್ಪಿಸಿರುತ್ತದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ತಣಿಯಲು ಬಿಟ್ಟು, ಗುಂಡಿ ಒತ್ತಿದರೆ ಮಿಕ್ಸಿ ಮತ್ತೆ ಓಡುತ್ತದೆ.

ಹಾಗಾದರೆ ಬೋರ್ಡ್ ಏಕೆ ಬಂತು?

ಲೋಹದ ಬುದ್ಧಿಗೆ ಗೊತ್ತಿರುವುದು ಎರಡೇ ಮಾತು: ಹೌದು, ಇಲ್ಲ. ಹಳೆಯ ಫ್ರಿಡ್ಜಿನ ಕಂಪ್ರೆಸರ್ ಓಡಿದರೆ ಪೂರ್ಣ ವೇಗದಲ್ಲಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. ಮಡಿಕೇರಿ ರಸ್ತೆಯ ಏರಿನಲ್ಲಿ ಜೀಪನ್ನು ಒಂದೋ ಪೂರ್ತಿ ಒತ್ತಿ, ಒಂದೋ ಬ್ರೇಕ್ ಹಾಕಿ ಓಡಿಸಿದ ಹಾಗೆ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಎಂಜಿನ್ ಸವೆಯುತ್ತದೆ. ಬೋರ್ಡ್ ಇದ್ದರೆ ಕಂಪ್ರೆಸರ್ ಬೇಕಾದಷ್ಟೇ ವೇಗದಲ್ಲಿ, ಸದ್ದಿಲ್ಲದೆ ಓಡುತ್ತಿರುತ್ತದೆ. ಇದಕ್ಕೇ ‘ಇನ್ವರ್ಟರ್’ ಫ್ರಿಡ್ಜ್ ಎಂಬ ಹೆಸರು.

ಈ ಹೆಸರಿನಿಂದ ಮೋಸಹೋದವರನ್ನು ನಾನು ಕಂಡಿದ್ದೇನೆ. ಕರೆಂಟು ಹೋದಾಗ ದೀಪ ಉರಿಸುವ ಬ್ಯಾಟರಿಯ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಇನ್ವರ್ಟರ್ ಫ್ರಿಡ್ಜ್ ಕರೆಂಟಿಲ್ಲದೆ ಓಡುವುದಿಲ್ಲ.

ಫ್ಯಾನಿನ ಲೆಕ್ಕ ಇನ್ನೂ ಸ್ಪಷ್ಟ. ಸಾದಾ ಫ್ಯಾನ್ 70ರಿಂದ 80 ವ್ಯಾಟ್ ಎಳೆಯುತ್ತದೆ. ಒಳಗೆ ಸಣ್ಣ ಬೋರ್ಡ್ ಇರುವ ಬಿ.ಎಲ್.ಡಿ.ಸಿ. (ಬ್ರಷ್ ಇಲ್ಲದ ಡಿ.ಸಿ. ಮೋಟರಿನ) ಫ್ಯಾನ್ 30 ವ್ಯಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಮಡಿಕೇರಿಯವರಿಗೆ ಇದು ಮುಖ್ಯವಲ್ಲದಿರಬಹುದು, ಕುಶಾಲನಗರದ ಏಪ್ರಿಲ್‌ನಲ್ಲಿ ಬ್ಯಾಟರಿಯ ಮೇಲೆ ಫ್ಯಾನ್ ಓಡಿಸುವವರಿಗೆ ಎರಡರಷ್ಟು ಹೊತ್ತು ಗಾಳಿ ಸಿಕ್ಕಂತೆ. ಬೋರ್ಡ್ ಮನೆಗೆ ಬಂದದ್ದು ಬರಿಯ ಅಲಂಕಾರಕ್ಕಲ್ಲ. ವಿದ್ಯುತ್ ಉಳಿತಾಯದ ನಕ್ಷತ್ರಗಳು, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2006ರಿಂದ ಅಂಟಿಸುತ್ತಿರುವ ಆ ಪಟ್ಟಿಯ ಐದು ನಕ್ಷತ್ರ ಪಡೆಯಲು ಹಲವು ಯಂತ್ರಗಳಿಗೆ ಬೋರ್ಡಿನ ನೆರವು ಬೇಕೇ ಬೇಕು.

ಬೋರ್ಡ್ ಸಾಯುವುದು ಹೇಗೆ?

ಮನೆಗೆ ಬರುವ ಕರೆಂಟು 230 ವೋಲ್ಟ್. ಬೋರ್ಡಿನ ಚಿಪ್ ಬದುಕುವುದು ಐದು ವೋಲ್ಟ್ ಅಥವಾ ಅದಕ್ಕೂ ಕಡಿಮೆಯಲ್ಲಿ. ಇಸ್ತ್ರಿ ಪೆಟ್ಟಿಗೆಯ ದಪ್ಪ ಲೋಹಕ್ಕೆ ತಾಗಿಯೂ ತಾಗದಂಥ ಪೆಟ್ಟು ಇದಕ್ಕೆ ಪ್ರಾಣಾಂತಿಕ.

ಮೊದಲನೆಯ ಶತ್ರು ಸಿಡಿಲು. ಅದು ಮನೆಗೇ ಬಡಿಯಬೇಕಾಗಿಲ್ಲ. ತೋಡಿನಲ್ಲಿ ದಿನವೂ ಹರಿಯುವ ನೀರಿಗೆ ಗದ್ದೆಯ ಬದು ಸಾಕು. ಮೇಲೆಲ್ಲೋ ಸುರಿದ ಮಳೆ ಒಮ್ಮೆಲೇ ನುಗ್ಗಿ ಬಂದರೆ ಅದೇ ಬದು ಕೊಚ್ಚಿಹೋಗುತ್ತದೆ. ಬಹುದೂರದಲ್ಲಿ ತಂತಿಯ ಬಳಿ ಬಿದ್ದ ಸಿಡಿಲೂ ಹೀಗೆಯೇ ತಂತಿಗುಂಟ ಓಡಿ ಮನೆ ಹೊಕ್ಕುತ್ತದೆ. ಡಿಶ್‌ನ ಕೇಬಲ್ ಕೂಡ ಅದಕ್ಕೆ ದಾರಿ. ಬೋರ್ಡಿನ ಬಾಗಿಲಲ್ಲಿ ವೇರಿಸ್ಟರ್ ಎಂಬ ಒಂದು ಪುಟ್ಟ ಬಿಲ್ಲೆ ಕಾವಲಿರುತ್ತದೆ. ಸಾಮಾನ್ಯ ದಿನಗಳಲ್ಲಿ ಸುಮ್ಮನಿದ್ದು, ವೋಲ್ಟೇಜ್ ಮಿತಿ ಮೀರಿದಾಗ ಆ ಪ್ರವಾಹವನ್ನು ತನ್ನ ಮೇಲೆ ಎಳೆದುಕೊಂಡು ಫ್ಯೂಸ್ ಸುಡಿಸುತ್ತದೆ. ಸಣ್ಣ ಪೆಟ್ಟನ್ನು ತಡೆಯುತ್ತದೆ, ದೊಡ್ಡದಾದರೆ ತಾನೇ ಸುಟ್ಟುಹೋಗುತ್ತದೆ.

ಎರಡನೆಯದು ಅಷ್ಟಾಗಿ ಯಾರೂ ಹೇಳದ ಕಾರಣ: ನ್ಯೂಟ್ರಲ್ ತುಂಡಾಗುವುದು. ಕಂಬದ ಮೇಲೆ ಮೂರು ಫೇಸ್ ತಂತಿಗಳು, ಎಲ್ಲವಕ್ಕೂ ಮರಳುವ ದಾರಿಯಾಗಿ ಒಂದು ನ್ಯೂಟ್ರಲ್ ಇರುತ್ತವೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400. ಗಾಳಿಮಳೆಗೆ ಸಿಲ್ವರ್ ಓಕ್ ಮುರಿದು ಬಿದ್ದು ನ್ಯೂಟ್ರಲ್ ಮಾತ್ರ ಹರಿದರೆ, ಕೆಲವು ಮನೆಗಳಿಗೆ 230ರ ಬದಲು 300, 350 ವೋಲ್ಟ್ ನುಗ್ಗಬಹುದು, ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ದೀಪ ಮಂಕಾಗಬಹುದು. ದೀಪಗಳು ಇದ್ದಕ್ಕಿದ್ದಂತೆ ಅತಿ ಪ್ರಕಾಶವಾಗಿ ಉರಿದರೆ ಯೋಚಿಸುತ್ತ ನಿಲ್ಲಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಮೂರನೆಯದು ತೇವ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುವ, ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ನಮ್ಮದು. ಅದೇ ತೇವ ತಾಮ್ರದ ಗೆರೆಗಳ ಮೇಲೂ ಕೂರುತ್ತದೆ. ಬೆಚ್ಚಗಿರುವ ಜಾಗ ಹುಡುಕಿ ಇರುವೆ, ಹಲ್ಲಿಗಳೂ ಒಳ ಸೇರುತ್ತವೆ. ಒಂದು ಹಲ್ಲಿ ಎರಡು ಗೆರೆಗಳನ್ನು ಒಟ್ಟಿಗೆ ತಾಗಿದರೆ ಶಾರ್ಟ್ ಆಗಲು ಅಷ್ಟು ಸಾಕು.

ತಡೆಯುವ ದಾರಿಗಳಲ್ಲಿ ಅತ್ಯುತ್ತಮವಾದುದಕ್ಕೆ ದುಡ್ಡು ಬೇಡ: ಗುಡುಗಿನ ಸದ್ದು ಕೇಳಿದ ಕೂಡಲೇ ಪ್ಲಗ್ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ಒಂದೇ ತಂತಿಯನ್ನು ಬಿಡಿಸುತ್ತದೆ, ಅದರ ಕಿರಿದಾದ ಸಂದನ್ನು ಸಿಡಿಲು ಜಿಗಿದು ದಾಟಬಲ್ಲದು. ಸಿಡಿಲು ತೀರಾ ಹತ್ತಿರ ಬಂದಮೇಲೆ ಪ್ಲಗ್ ಮುಟ್ಟಲು ಹೋಗಬಾರದು. ಸ್ಟೆಬಿಲೈಜರ್ ವೋಲ್ಟೇಜ್ ಏರಿಳಿತವನ್ನು ಸರಿದೂಗಿಸುತ್ತದೆ, ಸಿಡಿಲಿನ ಪೆಟ್ಟನ್ನು ತಡೆಯಲು ಅದನ್ನು ಮಾಡಿದ್ದಲ್ಲ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಎಂಬ ಬೇರೆ ಸಾಧನವಿದೆ, ಮತ್ತು ಅದು ಕೆಲಸ ಮಾಡಬೇಕಾದರೆ ಮನೆಯ ಅರ್ತಿಂಗ್ ಸರಿಯಿರಬೇಕು. ಇಲ್ಲೊಂದು ಕೊಡಗಿನದೇ ತೊಡಕಿದೆ. ಅರ್ತಿಂಗ್ ಗುಂಡಿ ಒಣಗಿದರೆ ಕರೆಂಟು ಭೂಮಿಗೆ ಸರಿಯಾಗಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಮಳೆಯಿಲ್ಲದೆ ಮಣ್ಣು ಒಣಗಿರುವ ಹೊತ್ತಿಗೇ ಹೂಮಳೆಯ ಸಿಡಿಲು ಬರುತ್ತದೆ. ಫೆಬ್ರವರಿಯಿಂದಲೇ ಆ ಗುಂಡಿಗೆ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹೊಯ್ಯಿರಿ.

ಫ್ರಿಡ್ಜಿಗೆ ಇನ್ನೊಂದು ಮಾತು. ಕರೆಂಟು ಹೋಗಿ ತಕ್ಷಣ ಬಂದರೆ ಕಂಪ್ರೆಸರಿನ ಒಳಗಿನ ಒತ್ತಡ ಇನ್ನೂ ಸಮವಾಗಿರುವುದಿಲ್ಲ. ಆಗಲೇ ಓಡಲು ಹೋದರೆ ಅದು ತಿಣುಕುತ್ತದೆ. ಐದು ನಿಮಿಷ ಬಿಟ್ಟು ಆನ್ ಮಾಡುವುದು ಕ್ಷೇಮ. ಒಳ್ಳೆಯ ಸ್ಟೆಬಿಲೈಜರ್‌ಗಳು ಈ ವಿರಾಮವನ್ನು ತಾವೇ ಕೊಡುತ್ತವೆ.

ಮೊಬೈಲಿನಿಂದ ಹೊರಟ ಅಪ್ಪಣೆ ಎಲ್ಲೆಲ್ಲಿ ಹೋಗುತ್ತದೆ?

ನೀವು ಜಗಲಿಯಲ್ಲಿ ಕುಳಿತು ಹತ್ತು ಹೆಜ್ಜೆ ದೂರದ ಗೀಸರನ್ನು ಆ್ಯಪ್‌ನಲ್ಲಿ ಆನ್ ಮಾಡುತ್ತೀರಿ. ಸಾಮಾನ್ಯವಾಗಿ ಆ ಅಪ್ಪಣೆ ಮೊಬೈಲಿನಿಂದ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತದೆ. ಸರ್ವರ್ ಎಂದರೆ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಹಗಲಿರುಳು ಓಡುವ ದೊಡ್ಡ ಕಂಪ್ಯೂಟರ್. ಅಲ್ಲಿಂದ ಮರಳಿ ನಿಮ್ಮ ಮನೆಯ ವೈ-ಫೈಗೆ, ವೈ-ಫೈಯಿಂದ ಗೀಸರಿಗೆ. ಜಗಲಿಯಿಂದ ಬಚ್ಚಲಿಗೆ ಚೀಟಿ ಕಳುಹಿಸಲು ಮೈಸೂರಿನ ಅಂಚೆ ಕಚೇರಿಯ ಮೂಲಕ ಕಳುಹಿಸಿದ ಹಾಗೆ. ಅರೆಕ್ಷಣದಲ್ಲಿ ಆಗುವುದರಿಂದ ನಮಗೆ ತಿಳಿಯುವುದಿಲ್ಲ.

ಇಂಟರ್ನೆಟ್ ಇಲ್ಲದ ದಿನ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಹಲವು ಊರುಗಳಿಗೆ ದಿನಗಟ್ಟಲೆ ಕರೆಂಟೂ ಇರಲಿಲ್ಲ, ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಅಂಥ ವರ್ಷ ಬಿಡಿ, ಸಾಮಾನ್ಯ ಜುಲೈಯಲ್ಲೂ ಟವರಿನ ಬ್ಯಾಟರಿ ಮುಗಿದು ಸಿಗ್ನಲ್ ಹೋಗುತ್ತದೆ. ಆಗ ಯಂತ್ರದ ಮೈಮೇಲೆ ಗುಂಡಿಗಳಿದ್ದರೆ ಕೆಲಸ ನಡೆಯುತ್ತದೆ. ಕೆಲವು ಸೌಲಭ್ಯಗಳು ಆ್ಯಪ್‌ನಲ್ಲಿ ಮಾತ್ರ ಇದ್ದರೆ ಅಷ್ಟು ದಿನ ಅವು ಇಲ್ಲವೆಂದೇ ಲೆಕ್ಕ.

ಸರ್ವರ್ ಕಂಪನಿಯ ಸೊತ್ತು. ಅದನ್ನು ನಡೆಸುವ ಖರ್ಚು ಬೇಡವೆನಿಸಿದ ದಿನ ಅವರು ನಿಲ್ಲಿಸಬಹುದು. 2016ರಲ್ಲಿ ಅಮೆರಿಕದಲ್ಲಿ ಹೀಗೆಯೇ ಆಯಿತು: ಮನೆಯ ದೀಪ, ಬೀಗಗಳನ್ನು ನಿಯಂತ್ರಿಸುವ ರಿವಾಲ್ವ್ ಎಂಬ ಪೆಟ್ಟಿಗೆಯ ಸರ್ವರನ್ನು ಅದನ್ನು ಕೊಂಡಿದ್ದ ನೆಸ್ಟ್ ಕಂಪನಿ ಮುಚ್ಚಿತು, ದುಡ್ಡು ಕೊಟ್ಟು ತಂದವರ ಪೆಟ್ಟಿಗೆಗಳು ನಿಷ್ಪ್ರಯೋಜಕವಾದವು. ಯಂತ್ರ ಕೆಟ್ಟಿರಲಿಲ್ಲ. ಅದೇ ವರ್ಷ ಮಿರಾಯ್ ಎಂಬ ದುಷ್ಟ ತಂತ್ರಾಂಶ, ತಯಾರಕರು ಇಟ್ಟಿದ್ದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಅಸಂಖ್ಯ ಮನೆ ಕ್ಯಾಮೆರಾಗಳನ್ನು ವಶಮಾಡಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೆಡವಿತು. ಜಾಲಕ್ಕೆ ಕೂಡಿದ ಯಾವ ಯಂತ್ರ ತಂದರೂ ಮೊದಲು ಪಾಸ್‌ವರ್ಡ್ ಬದಲಿಸಿ.

ಇಷ್ಟಿದ್ದೂ ಮೂರನೆಯ ಪದರ ನಿಜವಾಗಿ ಉಪಯೋಗಕ್ಕೆ ಬರುವ ಮನೆಗಳಿವೆ. ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದ ತಾಯಿ ಸೋಮವಾರಪೇಟೆಯ ಮನೆಯಲ್ಲಿ ಒಬ್ಬರೇ. ಗೀಸರ್ ಆಫ್ ಮಾಡಲು ಅವರು ಮರೆತರೆ ಮಗಳು ಅಲ್ಲಿಂದಲೇ ಆಫ್ ಮಾಡಬಹುದು. ಕೀಲುನೋವಿನಿಂದ ಎದ್ದು ಹೋಗಲಾರದವರಿಗೆ ಮಾತಿನಲ್ಲೇ ದೀಪ ಹಾಕಿಸುವುದು ದೊಡ್ಡ ಆಸರೆ. ಇಂಥವರಿಗೆ ಸಾದಾ ಯಂತ್ರವೇ ಮೇಲು ಎಂದು ನಾನು ಹೇಳಲಾರೆ.

ನೀರಿನ ಒತ್ತಡವನ್ನೂ ಕೇಳಿ

ವಾಷಿಂಗ್ ಮೆಷಿನ್ ಕೊಳ್ಳುವಾಗ ಅಂಗಡಿಯವರು ಕೇಳದ ಪ್ರಶ್ನೆ: ನಿಮ್ಮ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ? ಪೂರ್ಣ ಸ್ವಯಂಚಾಲಿತ ಯಂತ್ರ ತಾನೇ ಕವಾಟ ತೆರೆದು ನೀರು ತೆಗೆದುಕೊಳ್ಳುತ್ತದೆ. ಹಲವು ಕೈಪಿಡಿಗಳು ಇದಕ್ಕೆ 0.3 ಬಾರ್‌ನ ಆಸುಪಾಸಿನ ಒತ್ತಡ ಕೇಳುತ್ತವೆ. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಕೊಡುವುದರಿಂದ, ಟ್ಯಾಂಕ್ ಮೂರು ಮೀಟರ್ ಮೇಲಿರಬೇಕು ಎಂದರ್ಥ. ಹಳೆಯ ಹೆಂಚಿನ ಮನೆಗಳಲ್ಲಿ ಟ್ಯಾಂಕ್ ಬಚ್ಚಲಿನ ಮೇಲೆ ಒಂದಾಳೆತ್ತರದಲ್ಲಿ ಇರುತ್ತದೆ. ನೀರು ನಿಧಾನವಾಗಿ ಬಂದರೆ ಬೋರ್ಡ್ ಏನೋ ದೋಷವಿದೆ ಎಂದು ಎಣಿಸಿ ಕೆಲಸ ನಿಲ್ಲಿಸಿ ತೆರೆಯ ಮೇಲೆ ಒಂದು ಅಕ್ಷರ, ಒಂದು ಅಂಕಿ ತೋರಿಸುತ್ತದೆ. ಮಳೆಗಾಲದ ಕೆಂಪು ನೀರಿನ ಮಣ್ಣು ಕೊಳವೆಯ ಬಾಯಿಯಲ್ಲಿರುವ ಪುಟ್ಟ ಜಾಲರಿಗೆ ಕಟ್ಟಿದರೂ ಹೀಗೆಯೇ. ಜಾಲರಿಯನ್ನು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತಿಕ್ಕಿದರೆ ಸರಿಹೋಗುತ್ತದೆ. ಎರಡು ತೊಟ್ಟಿಯ ಸಾದಾ ಯಂತ್ರಕ್ಕೆ ಈ ಯಾವ ನಿಯಮವೂ ಇಲ್ಲ, ಬಕೆಟಿನಿಂದ ಹೊಯ್ದರೂ ನಡೆಯುತ್ತದೆ. ಅದರ ಬದಲಿಗೆ ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಎತ್ತಿ ಹಾಕಬೇಕು, ಪಕ್ಕದಲ್ಲಿ ನಿಲ್ಲಬೇಕು.

ವಾರಂಟಿ ಕಾರ್ಡಿನ ಸಣ್ಣ ಅಕ್ಷರ

‘ಹತ್ತು ವರ್ಷ ವಾರಂಟಿ’ ಎಂದು ದೊಡ್ಡದಾಗಿ ಬರೆದಿರುವುದು ಬಹುತೇಕ ಮೋಟರಿಗೆ ಅಥವಾ ಕಂಪ್ರೆಸರಿಗೆ. ನಮ್ಮ ಮಳೆಯಲ್ಲಿ ಮೊದಲು ಹೋಗುವ ಬೋರ್ಡಿಗೆ ಎಷ್ಟು ವರ್ಷ ಎಂದು ಕಾರ್ಡಿನಲ್ಲಿ ಹುಡುಕಿ ಓದಿ, ಸಿಡಿಲಿನಿಂದಾದ ಹಾನಿ ಅದರಲ್ಲಿ ಸೇರಿದೆಯೇ ಎಂದೂ ನೋಡಿ. ಯಂತ್ರ ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ತಾಳುತ್ತದೆ ಎಂಬುದು ಕೈಪಿಡಿಯಲ್ಲಿರುತ್ತದೆ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ರಿಪೇರಿಗೆ ಯಾವ ಊರಿನಿಂದ ಜನ ಬರಬೇಕು ಎಂದು ಅಂಗಡಿಯಲ್ಲೇ ಕೇಳಿ. ತಾನು ಕೊಂಡದ್ದನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ ಎಂಬ ವಾದಕ್ಕೆ ಈಗ ಬಲ ಬಂದಿದೆ. ಯುರೋಪ್ ಒಕ್ಕೂಟದಲ್ಲಿ 2021ರಿಂದ ಫ್ರಿಡ್ಜ್, ವಾಷಿಂಗ್ ಮೆಷಿನ್ ತಯಾರಕರು ಮುಖ್ಯ ಬಿಡಿಭಾಗಗಳನ್ನು ಏಳರಿಂದ ಹತ್ತು ವರ್ಷ ಒದಗಿಸಲೇಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಮಾಹಿತಿಗಾಗಿ ಒಂದು ಜಾಲತಾಣ ತೆರೆಯಿತು. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬೋರ್ಡ್ ಹೋಯಿತೆಂದರೆ ಇಡೀ ಬೋರ್ಡ್ ಬದಲಿಸುವುದೊಂದೇ ದಾರಿಯೆಂದಲ್ಲ. ಸುಟ್ಟ ಬಿಡಿಭಾಗವನ್ನಷ್ಟೇ ಕಿತ್ತು ಬೇರೆ ಬೆಸುಗೆ ಹಾಕುವ ಕುಶಲಿಗಳು ನಮ್ಮ ಪೇಟೆಗಳಲ್ಲಿ ಇದ್ದಾರೆ, ಮೊದಲು ಅವರನ್ನು ಕೇಳಿ ನೋಡಿ.

ನಮ್ಮ ಮನೆಗೆ ಬಂದವರು ಅಂಥವರೇ. ಮೊದಲು ಯಂತ್ರದ ಕೆಳಮೂಲೆಯ ಚಿಕ್ಕ ಮುಚ್ಚಳ ತೆರೆದು ಫಿಲ್ಟರ್ ಸಡಿಲಿಸಿ ನೀರು ಇಳಿಸಿದರು, ಆಮೇಲೆ ಬಾಗಿಲು ಬಿಡಿಸಿದರು. ಎರಡು ದಿನ ನೆನೆದ ಹೊದಿಕೆಗಳು ಹೊರಬಂದವು. ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು: ಫ್ಯೂಸ್ ಕರಗಿತ್ತು, ಪಕ್ಕದಲ್ಲಿ ಬೆರಳುಗುರಿನಷ್ಟು ದೊಡ್ಡ ನೀಲಿ ಬಿಲ್ಲೆ, ಅದೇ ಆ ವೇರಿಸ್ಟರ್, ಒಡೆದು ಕಪ್ಪಾಗಿತ್ತು. ಚಿಪ್ ಉಳಿದಿತ್ತು. ಅವೆರಡನ್ನೂ ಬದಲಿಸಿ ಮರುದಿನ ತಂದು ಕೂರಿಸಿದರು. ಹೊರಡುವ ಮೊದಲು ಗೋಡೆಯ ಪ್ಲಗ್ ಪಾಯಿಂಟ್ ನೋಡಿ, “ಅಕ್ಕಾ, ಇದು ಯಂತ್ರದ ಹಿಂದೆ ಇದೆ, ಗುಡುಗು ಬಂದಾಗ ಕೈಗೆ ಸಿಗುವುದಿಲ್ಲ” ಎಂದರು. ಈಗ ಅದನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದೇವೆ.